ನಾಯಿಯ ಗುಂಡಿಗೆ ಬೇನೆ: ಗುಣವಾಗದಿದ್ದರೂ ತಡೆಹಿಡಿಯಬಹುದು



ಎತ್ತು, ಎಮ್ಮೆ, ಕುರಿ, ಕೋಳಿಗಳ ರೋಗರುಜಿನಗಳ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಈ ಹೊತ್ತು ನಿಮ್ಮ ಬಾಗಿಲಲ್ಲಿ ಮಲಗಿರುವ ನಾಯಿಯ ವಿಚಾರ. “ನಾಯಿಗೂ ಗುಂಡಿಗೆ ಬೇನೆಯೇ? ಅದಕ್ಕೂ ದಿನಾ ಮಾತ್ರೆಯೇ?” ಎಂದು ಕೆಲವರು ನಗಬಹುದು. ಹತ್ತು ವರ್ಷ ಮನೆ ಕಾಯ್ದು, ಕಣ ಕಾಯ್ದು, ಮಕ್ಕಳ ಸಂಗಡ ಬೆಳೆದ ಪ್ರಾಣಿ ರಾತ್ರಿಯೆಲ್ಲ ಕೂತು ಏದುಸಿರು ಬಿಡುವುದನ್ನು ಕಂಡವರಿಗೆ ಮಾತ್ರ ನಗು ಬಾರದು.

ನಾನು ಪಶುವೈದ್ಯ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ತಮ್ಮ ಪೊಮೇರಿಯನ್ ಜಾತಿಯ ಮುದಿನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿಗೆ ತಂದರು. ವಯಸ್ಸು ಹನ್ನೊಂದು, ತೂಕ ಎಂಟು ಕಿಲೊ. “ಎರಡು ತಿಂಗಳಿಂದ ಕೆಮ್ಮು ಸ್ವಾಮಿ. ನೆಗಡಿ ಅಂದ್ಕೊಂಡು ಮೆಣಸಿನ ಕಷಾಯ ಹಾಕಿದ್ವಿ. ನಿನ್ನೆ ರಾತ್ರಿಯಿಂದ ಮಲಗೋದೇ ಇಲ್ಲ, ಕೂತೇ ಐತೆ” ಎಂದರು. ಸ್ಟೆತಾಸ್ಕೋಪು ಇಟ್ಟು ಕೇಳಿದೆ. ‘ಲಬ್ ಡಬ್’ ಎಂದು ಬಡಿಯಬೇಕಾದ ಗುಂಡಿಗೆಯಲ್ಲಿ ಕೊಳವೆಯಿಂದ ನೀರು ಚಿಮ್ಮುವ ‘ಹುಶ್’ ಎಂಬ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದುಕೊಟ್ಟೆ. ಮೂರೇ ದಿನಕ್ಕೆ ನಾಯಿ ಮೈಚಾಚಿ ನಿದ್ದೆ ಮಾಡಿತು.

ತಿಂಗಳೊಳಗೆ ಅವರು ಮತ್ತೆ ಬಂದರು. ನಾಯಿಯ ನಾಲಗೆ ನೀಲಿಗಟ್ಟಿತ್ತು. “ಚೆನ್ನಾಗಾಯ್ತಲ್ಲ ಅಂತ ಮಾತ್ರೆ ನಿಲ್ಲಿಸಿದ್ವಿ. ಅದು ಕೊಟ್ರೆ ಮನೆ ತುಂಬಾ ಉಚ್ಚೆ ಹೊಯ್ತಿತ್ತು” ಎಂದರು. ಆ ರಾತ್ರಿ ನಾಯಿ ಉಳಿಯಲಿಲ್ಲ.

ತಪ್ಪು ಆ ರೈತರದಲ್ಲ. ಮಾತ್ರೆ ಕೊಟ್ಟ ನಾನು, ಅದು ಯಾತಕ್ಕೆ, ಎಷ್ಟು ದಿನಕ್ಕೆ, ನಿಲ್ಲಿಸಿದರೆ ಏನಾದೀತು ಎಂಬುದನ್ನು ಅವರಿಗೆ ಮನಗಾಣುವಂತೆ ಹೇಳಲಿಲ್ಲ. ಆ ದಿನ ಹೇಳದೆ ಬಿಟ್ಟ ಮಾತನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಗುಂಡಿಗೆ ಎಂದರೆ ಒಂದು ಪಂಪು. ನಿಮ್ಮ ಬಾವಿಯ ಪಂಪಿಗೆ ಫುಟ್‌ವಾಲ್ವು ಇದೆಯಲ್ಲವೆ? ಮೇಲೆ ಹತ್ತಿದ ನೀರು ಮತ್ತೆ ಬಾವಿಗೆ ಇಳಿಯದಂತೆ ಅದು ತಡೆಯುತ್ತದೆ. ನಾಯಿಯ ಗುಂಡಿಗೆಗೆ ನಾಲ್ಕು ಕೋಣೆ, ನಾಲ್ಕು ಕವಾಟ. ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವುದು ಮೈಟ್ರಲ್ ಕವಾಟ. ವಯಸ್ಸಾದ ಸಣ್ಣ ಜಾತಿಯ ನಾಯಿಗಳಲ್ಲಿ ಈ ಕವಾಟದ ಅಂಚು ದಪ್ಪಗಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚದೆ ಹೋಗುತ್ತದೆ. ಆಗ ಪ್ರತಿ ಬಡಿತದಲ್ಲೂ ಮೈಗೆ ಹೋಗಬೇಕಾದ ರಕ್ತದ ಒಂದು ಪಾಲು ಹಿಂದಕ್ಕೆ ಸೋರುತ್ತದೆ. ನಾಯಿಗಳಿಗೆ ಬರುವ ಹೃದಯರೋಗಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಪೊಮೇರಿಯನ್, ಡ್ಯಾಶ್‌ಹುಂಡ್‌ನಂಥ ಇಪ್ಪತ್ತು ಕಿಲೊಗಿಂತ ಕಡಿಮೆ ತೂಕದ ನಾಯಿಗಳಲ್ಲಿ ಇದು ಹೆಚ್ಚು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಜಾತಿಗೆ ಇದು ವಂಶದಲ್ಲೇ ಬರುತ್ತದೆ, ಎಳೆಯ ವಯಸ್ಸಿನಲ್ಲೇ ಕಾಣುತ್ತದೆ.

ಡೋಬರ್‌ಮನ್, ಗ್ರೇಟ್ ಡೇನ್ ಮುಂತಾದ ದೊಡ್ಡ ಜಾತಿಗಳಲ್ಲಿ ರೋಗ ಬೇರೆ. ಅಲ್ಲಿ ಕವಾಟಕ್ಕಿಂತ ಗುಂಡಿಗೆಯ ಮಾಂಸವೇ ಸೋತು, ಹಳೆಯ ತಿದಿಯಂತೆ ಹಿಗ್ಗಿ, ಒತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಸೊಳ್ಳೆಯಿಂದ ಹರಡುವ ಹೃದಯದ ಹುಳು ಎಂಬುದೂ ಒಂದುಂಟು. ಅದರ ಚಿಕಿತ್ಸೆಯ ದಾರಿಯೇ ಬೇರೆ. ಆದಕಾರಣ ‘ಗುಂಡಿಗೆ ಬೇನೆ’ ಎಂದೊಡನೆ ಎಲ್ಲಕ್ಕೂ ಒಂದೇ ಮಾತ್ರೆ ಎಂದು ತಿಳಿಯಬಾರದು.

ಸರಿ, ಕವಾಟ ಸೋರಿತು. ಅಷ್ಟಕ್ಕೇ ನಾಯಿಗೆ ಉಸಿರು ಏಕೆ ಕಟ್ಟಬೇಕು? ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ನಾಲೆಯ ಕೊನೆಯ ಹೊಲದವನು “ನೀರು ಬರ್ತಾ ಇಲ್ಲ” ಎಂದು ಕೂಗುತ್ತಾನೆ. ತೂಬಿನ ಬಳಿ ಇರುವವನು ನಾಲೆ ಎಲ್ಲಿ ಒಡೆದಿದೆ ಎಂದು ನೋಡದೆ ತೂಬನ್ನು ಇನ್ನಷ್ಟು ಎತ್ತುತ್ತಾನೆ. ಆಗ ಏನಾಗುತ್ತದೆ? ನಡುವಿನ ಹೊಲವೆಲ್ಲ ಜೌಗು. ನಾಯಿಯ ಮೈಯಲ್ಲೂ ಹಾಗೆಯೇ. ರಕ್ತ ಸಾಲದೆಂದು ಕಂಡ ಮೂತ್ರಪಿಂಡಗಳು “ಉಪ್ಪನ್ನೂ ನೀರನ್ನೂ ಹಿಡಿದಿಡು, ರಕ್ತನಾಳ ಬಿಗಿ ಮಾಡು” ಎಂದು ಅಪ್ಪಣೆ ಹೊರಡಿಸುತ್ತವೆ. ಗಾಯವಾಗಿ ರಕ್ತ ಹರಿದಾಗ ಜೀವ ಉಳಿಸಲೆಂದು ಇರುವ ಏರ್ಪಾಡು ಅದು. ಸೋರುವ ಗುಂಡಿಗೆಗೆ ಅದೇ ಮುಳುವು. ಹೆಚ್ಚಿದ ನೀರಿನ ಒತ್ತಡ ಹಿಂದಕ್ಕೆ ನೂಕಿ, ಶ್ವಾಸಕೋಶದ ಸಣ್ಣ ರಕ್ತನಾಳಗಳಿಂದ ನೀರು ಒಸರಿ ಗಾಳಿಯ ಜಾಗವನ್ನು ತುಂಬುತ್ತದೆ. ಹೃದಯ ಸೋಲುವುದು ಎಂದು ನಾವು ಹೇಳುವುದು ಇದನ್ನೇ.

ಈ ರೋಗ ಒಂದು ದಿನದ್ದಲ್ಲ, ವರ್ಷಗಳದು. ೨೦೦೯ರಲ್ಲಿ ಅಮೆರಿಕದ ಪಶುವೈದ್ಯ ತಜ್ಞರ ಮಂಡಲಿಯೊಂದು ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿತು. ೨೦೧೯ರಲ್ಲಿ ಅದನ್ನು ತಿದ್ದಿ ಹೊಸದಾಗಿ ಪ್ರಕಟಿಸಿತು. ‘ಎ’ ಎಂದರೆ ರೋಗ ಇನ್ನೂ ಇಲ್ಲ, ಆದರೆ ಜಾತಿಯ ಗುಣದಿಂದ ಬರುವ ಸಂಭವ ಉಂಟು. ‘ಬಿ’ ಎಂದರೆ ಸದ್ದು ಕೇಳುತ್ತದೆ, ನಾಯಿ ಮಾತ್ರ ಎಂದಿನಂತೆ ಓಡಾಡಿಕೊಂಡಿದೆ. ಇದರಲ್ಲಿ ಎರಡು ಭಾಗ: ಗುಂಡಿಗೆಯ ಗಾತ್ರ ಬೆಳೆಯದಿದ್ದರೆ ‘ಬಿ-೧’, ಸಾಕಷ್ಟು ಬೆಳೆದಿದ್ದರೆ ‘ಬಿ-೨’. ‘ಸಿ’ ಎಂದರೆ ಶ್ವಾಸಕೋಶಕ್ಕೆ ನೀರು ಬಂದಿದೆ, ಅಥವಾ ಒಮ್ಮೆ ಬಂದು ಔಷಧದಿಂದ ಇಳಿದಿದೆ. ‘ಡಿ’ ಎಂದರೆ ಎಂದಿನ ಔಷಧಗಳಿಗೂ ಬಗ್ಗದ ಸ್ಥಿತಿ.

ಈಗ ಔಷಧದ ವಿಚಾರಕ್ಕೆ ಬರೋಣ. ಹರಿದ ಕವಾಟವನ್ನು ಹೊಲಿಯುವ ಮಾತ್ರೆ ಯಾವುದೂ ಇಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಾತ್ರೆ ಮಾಡುವ ಕೆಲಸ ಎರಡು: ರೋಗದ ನಡಿಗೆಯನ್ನು ನಿಧಾನ ಮಾಡುವುದು, ಉಸಿರಾಟವನ್ನು ಹಗುರ ಮಾಡುವುದು.

ಮೊದಲನೆಯದು ಪಿಮೊಬೆಂಡಾನ್. ಇದು ಗುಂಡಿಗೆ ಒತ್ತುವ ಬಲವನ್ನು ಹೆಚ್ಚಿಸುತ್ತದೆ, ಜೊತೆಗೆ ರಕ್ತನಾಳಗಳನ್ನು ಸಡಿಲಿಸುತ್ತದೆ. ಪಂಪಿಗೆ ಬಲ ಕೊಟ್ಟು ಕಾಲುವೆಯ ಹೂಳನ್ನೂ ತೆಗೆದ ಹಾಗೆ. ನಾಯಿ ಕೆಮ್ಮುವ ಮೊದಲೇ, ಅಂದರೆ ‘ಬಿ-೨’ ಮೆಟ್ಟಿಲಲ್ಲೇ ಇದನ್ನು ಕೊಟ್ಟರೆ ಲಾಭವುಂಟೆ? ಈ ಪ್ರಶ್ನೆಗೆ ೨೦೧೬ರಲ್ಲಿ ಉತ್ತರ ಸಿಕ್ಕಿತು. ‘ಎಪಿಕ್’ ಎಂಬ ಹೆಸರಿನ ಆ ಪರೀಕ್ಷೆಯಲ್ಲಿ ೧೧ ದೇಶಗಳ ೩೬೦ ನಾಯಿಗಳಿದ್ದವು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಏಡ್ರಿಯನ್ ಬಾಸ್‌ವುಡ್ ಅವರು ಅದರ ಮುಂದಾಳು. ಕೆಲವಕ್ಕೆ ಪಿಮೊಬೆಂಡಾನ್, ಕೆಲವಕ್ಕೆ ಅದೇ ರೂಪದ ಬರಿ ಮಾತ್ರೆ. ಯಾವುದಕ್ಕೆ ಯಾವುದು ಎಂಬುದು ಕೊಡುವವರಿಗೂ ತಿಳಿಯದು. ಬರಿ ಮಾತ್ರೆ ತಿಂದ ನಾಯಿಗಳನ್ನು ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ, ಹೃದಯ ಸೋಲುವುದಕ್ಕೆ ಅಥವಾ ಹೃದಯದ ಕಾರಣದಿಂದ ಸಾಯುವುದಕ್ಕೆ ೭೬೬ ದಿನ ಹಿಡಿದಿತ್ತು. ಪಿಮೊಬೆಂಡಾನ್ ತಿಂದ ಗುಂಪಿನಲ್ಲಿ ಅದು ೧೨೨೮ ದಿನ. ಲೆಕ್ಕ ಹಾಕಿ: ಸುಮಾರು ಹದಿನೈದು ತಿಂಗಳ ವ್ಯತ್ಯಾಸ. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಗೆ ಹದಿನೈದು ತಿಂಗಳು ಕಡಿಮೆಯೇನಲ್ಲ.

ಡೋಬರ್‌ಮನ್ ನಾಯಿಗಳ ಮೇಲೂ ಇಂಥದೇ ಪರೀಕ್ಷೆ ನಡೆದು ೨೦೧೨ರಲ್ಲಿ ಪ್ರಕಟವಾಯಿತು. ೭೬ ನಾಯಿಗಳು. ಗುಂಡಿಗೆ ಹಿಗ್ಗಿದ್ದರೂ ಇನ್ನೂ ರೋಗಲಕ್ಷಣ ಕಾಣದಿದ್ದ ಅವುಗಳಲ್ಲಿ ಹೃದಯ ಸೋಲುವ ಅಥವಾ ಹಠಾತ್ತನೆ ಸಾಯುವ ಕಾಲ ೪೪೧ ದಿನದಿಂದ ೭೧೮ ದಿನಕ್ಕೆ ಮುಂದೆ ಹೋಯಿತು.

ಆದರೆ ಒಂದು ಎಚ್ಚರಿಕೆ. “ಹಾಗಾದರೆ ಸದ್ದು ಕೇಳಿದ ನಾಯಿಗೆಲ್ಲ ಇವತ್ತೇ ಶುರು ಮಾಡೋಣ” ಎನ್ನಬೇಡಿ. ಎಪಿಕ್ ಪರೀಕ್ಷೆಗೆ ಆರಿಸಿದ ನಾಯಿಗಳೆಲ್ಲವೂ ಸದ್ದು ಜೋರಾಗಿದ್ದು, ಎಕ್ಸ್‌ರೇಯಲ್ಲೂ ಅಲ್ಟ್ರಾಸೌಂಡ್ ಅಳತೆಯಲ್ಲೂ ಗುಂಡಿಗೆ ದೊಡ್ಡದಾಗಿದ್ದವು. ಗುಂಡಿಗೆ ಬೆಳೆಯದ ‘ಬಿ-೧’ ನಾಯಿಗೆ ಮಾತ್ರೆ ಬೇಡ; ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ರಕ್ತ ಹೊರಹೋಗುವ ದಾರಿಯೇ ಕಿರಿದಾಗಿರುವ ಕೆಲವು ಹೃದಯರೋಗಗಳಲ್ಲಂತೂ ಪಿಮೊಬೆಂಡಾನ್ ಕೊಡಬಾರದು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ.

ಮೊದಲೇ ಕೊಟ್ಟ ಔಷಧವೆಲ್ಲ ಫಲ ಕೊಡುತ್ತದೆಂಬ ನಿಯಮವೂ ಇಲ್ಲ. ಎನಲಾಪ್ರಿಲ್ ಎಂಬ ಮಾತ್ರೆಯನ್ನು ಸ್ಕ್ಯಾಂಡಿನೇವಿಯದ ೨೨೯ ಕ್ಯಾವಲಿಯರ್ ನಾಯಿಗಳ ಮೇಲೆ ಹೀಗೆಯೇ ಪರೀಕ್ಷಿಸಿದರು. ಸದ್ದು ಇದ್ದು ಲಕ್ಷಣ ಇಲ್ಲದ ನಾಯಿಗಳು ಅವು. ೨೦೦೨ರಲ್ಲಿ ಫಲಿತಾಂಶ ಬಂತು: ಹೃದಯ ಸೋಲುವ ದಿನ ಮುಂದೆ ಹೋಗಲಿಲ್ಲ. ಯಾವ ಔಷಧ, ಯಾವ ಮೆಟ್ಟಿಲಲ್ಲಿ ಎಂಬುದೇ ಮುಖ್ಯ. ಬಿತ್ತನೆಗೂ ಹದ ಬೇಕು, ಔಷಧಕ್ಕೂ ಹದ ಬೇಕು.

ಈಗ ‘ಸಿ’ ಮೆಟ್ಟಿಲು. ಶ್ವಾಸಕೋಶಕ್ಕೆ ನೀರು ಬಂದಾಗ ಮೊದಲು ಬೇಕಾದದ್ದು ಫ್ಯೂರೊಸೆಮೈಡ್. ಇದು ಜೌಗು ಹೊಲಕ್ಕೆ ತೆಗೆದ ಬಸಿಗಾಲುವೆ. ಮೂತ್ರಪಿಂಡದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ಆಗ ನಾಯಿ ಹೆಚ್ಚು ಮೂತ್ರ ಮಾಡಲೇಬೇಕು, ಹೆಚ್ಚು ನೀರು ಕುಡಿಯಲೇಬೇಕು. ಅದು ಔಷಧದ ದೋಷವಲ್ಲ. ಔಷಧ ಕೆಲಸ ಮಾಡುತ್ತಿದೆಯೆಂಬ ಗುರುತು. ನಾನು ಆ ರೈತರಿಗೆ ಹೇಳಬೇಕಾಗಿದ್ದ ಮಾತು ಇದೇ. ಶ್ವಾಸಕೋಶದಲ್ಲಿದ್ದ ನೀರೇ ಮನೆಯ ನೆಲದ ಮೇಲೆ ಹರಿಯುತ್ತಿತ್ತು. ಅದನ್ನು ನಿಲ್ಲಿಸಿದ ಕೂಡಲೆ ನೀರು ಮತ್ತೆ ಶ್ವಾಸಕೋಶಕ್ಕೆ ಏರಿತು.

ಇದರ ಜೊತೆಗೆ ಪಿಮೊಬೆಂಡಾನ್ ಸೇರಿಸುತ್ತಾರೆ. ಹೃದಯ ಸೋತ ನಾಯಿಗಳಲ್ಲಿ ಪಿಮೊಬೆಂಡಾನ್ ಮೇಲೋ, ಬೆನಾಜೆಪ್ರಿಲ್ ಎಂಬ ಇನ್ನೊಂದು ಮಾತ್ರೆ ಮೇಲೋ ಎಂದು ಹೋಲಿಸಿದ ‘ಕ್ವೆಸ್ಟ್’ ಪರೀಕ್ಷೆ ೨೦೦೮ರಲ್ಲಿ ಪ್ರಕಟವಾಯಿತು. ಹೃದಯದ ಕಾರಣದ ಸಾವು ಅಥವಾ ಚಿಕಿತ್ಸೆ ಕೈಕೊಡುವ ತನಕದ ಕಾಲ ಬೆನಾಜೆಪ್ರಿಲ್ ಗುಂಪಿನಲ್ಲಿ ನಡುವಿನ ಲೆಕ್ಕಕ್ಕೆ ೧೪೦ ದಿನ, ಪಿಮೊಬೆಂಡಾನ್ ಗುಂಪಿನಲ್ಲಿ ೨೬೭ ದಿನ.

ಹಾಗೆಂದು ಬೆನಾಜೆಪ್ರಿಲ್, ಎನಲಾಪ್ರಿಲ್‌ಗಳನ್ನು ಬಿಸಾಡಿಲ್ಲ. ತೂಬು ಎತ್ತುವವನ ಕೈಗೆ ಹೋಗುವ ಅಪ್ಪಣೆಯನ್ನು ನಡುದಾರಿಯಲ್ಲಿ ತಡೆಯುವ ಕೆಲಸ ಅವುಗಳದು. ಸ್ಪಿರೊನೊಲ್ಯಾಕ್ಟೋನ್ ಎಂಬುದು ಅಂಥದೇ ಇನ್ನೊಂದು ಅಪ್ಪಣೆಯನ್ನು ತಡೆದು, ಉಪ್ಪನ್ನು ಹಿಡಿದಿಡದಂತೆ ಮಾಡುತ್ತದೆ. ಹೀಗೆ ‘ಸಿ’ ಮೆಟ್ಟಿಲಿನ ನಾಯಿಗೆ ನಾಲ್ಕು ಬಗೆಯ ಮಾತ್ರೆಗಳು ಸಾಮಾನ್ಯ. ಗುಂಡಿಗೆಯ ಲಯ ತಪ್ಪಿ ಓಡತೊಡಗಿದರೆ ಡಿಜಾಕ್ಸಿನ್‌ನಂಥ ಹಳೆಯ ಔಷಧವೂ ಬೇಕಾಗಬಹುದು. ೧೭೮೫ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಮನುಷ್ಯರ ಜಲೋದರಕ್ಕೆ ಉಪಯೋಗಿಸಿ ಬರೆದಿಟ್ಟ ಫಾಕ್ಸ್‌ಗ್ಲೋವ್ ಗಿಡದ ಸಂತತಿಯಿಂದ ಬಂದದ್ದು ಅದು. ಔಷಧಕ್ಕೂ ವಿಷಕ್ಕೂ ಅದರಲ್ಲಿ ಕೂದಲೆಳೆಯ ಅಂತರ. ಡಾಕ್ಟರ ಕೈಯಲ್ಲೇ ಇರಬೇಕು.

ಪ್ರಮಾಣದ ಮಾತು ಬಂತು, ಒಂದು ಲೆಕ್ಕ ಹೇಳುತ್ತೇನೆ. ಪಿಮೊಬೆಂಡಾನ್ ಕಿಲೊ ತೂಕಕ್ಕೆ ಸುಮಾರು ಕಾಲು ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಸಲ. ಎಂಟು ಕಿಲೊ ನಾಯಿಗೆ ಒಂದು ಸಲಕ್ಕೆ ೨ ಮಿಲಿಗ್ರಾಂ. ಊಟಕ್ಕೆ ಸುಮಾರು ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಚೆನ್ನಾಗಿ ಹತ್ತುತ್ತದೆ. ಫ್ಯೂರೊಸೆಮೈಡ್ ಕಿಲೊಗೆ ೨ ಮಿಲಿಗ್ರಾಂ ಎಂದು ಇಟ್ಟುಕೊಂಡರೆ ಅದೇ ನಾಯಿಗೆ ಒಂದು ಸಲಕ್ಕೆ ೧೬ ಮಿಲಿಗ್ರಾಂ. ಅಂಗಡಿಯಲ್ಲಿ ಮನುಷ್ಯರಿಗೆ ಮಾರುವ ಮಾತ್ರೆ ೪೦ ಮಿಲಿಗ್ರಾಮಿನದು. “ಒಂದಿಡೀ ಹಾಕಿದರೆ ಬೇಗ ಗುಣ” ಎಂದು ಕೊಟ್ಟರೆ ಮೂತ್ರಪಿಂಡಕ್ಕೇ ಪೆಟ್ಟು. ಈ ಲೆಕ್ಕ ನಿಮ್ಮ ತಿಳಿವಳಿಕೆಗೆ ಮಾತ್ರ, ಮನೆಯಲ್ಲೇ ವೈದ್ಯ ಮಾಡುವುದಕ್ಕಲ್ಲ. ನಾಯಿಯ ಸ್ಥಿತಿ ನೋಡಿ ಡಾಕ್ಟರು ಇದನ್ನು ಹೆಚ್ಚಿಸುತ್ತಾರೆ, ಇಳಿಸುತ್ತಾರೆ. ಔಷಧ ಶುರುವಾದ ಒಂದೆರಡು ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಮೂತ್ರಪಿಂಡದ ಕೆಲಸವನ್ನೂ ಪೊಟ್ಯಾಸಿಯಂ ಲವಣವನ್ನೂ ನೋಡಬೇಕು.

“ನಾಲ್ಕು ಮಾತ್ರೆಯ ಖರ್ಚು ನಮ್ಮಿಂದ ಆಗುತ್ತದೆಯೇ ಸ್ವಾಮಿ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾಚಿಕೆಪಡದೆ ಡಾಕ್ಟರ ಮುಂದೆ ಇದನ್ನು ಮೊದಲ ದಿನವೇ ಹೇಳಿ. ನೀರು ಇಳಿಸುವ ಫ್ಯೂರೊಸೆಮೈಡ್ ಹಳೆಯ ಔಷಧ, ಬೆಲೆ ಕಡಿಮೆ. ಉಸಿರು ಉಳಿಸುವುದರಲ್ಲಿ ಅದೇ ಮೊದಲು. ಅದರ ಮೇಲೆ ಯಾವುದನ್ನು ಸೇರಿಸಬಹುದು, ಯಾವುದನ್ನು ಬಿಡಬಹುದು ಎಂದು ಅವರು ನಿಮ್ಮ ಕೈಗೆ ಎಟಕುವಂತೆ ಹೊಂದಿಸಿಕೊಡಬಲ್ಲರು. ಬಾಯಿಮುಚ್ಚಿಕೊಂಡು ಎಲ್ಲವನ್ನೂ ಬರೆಸಿಕೊಂಡು ಹೋಗಿ, ಹದಿನೈದು ದಿನಕ್ಕೆ ಎಲ್ಲವನ್ನೂ ನಿಲ್ಲಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸ. ಇದಕ್ಕೆ ಕಾಸಿನ ಖರ್ಚಿಲ್ಲ, ಒಂದು ಗಡಿಯಾರ ಇದ್ದರೆ ಸಾಕು. ನಾಯಿ ಗಾಢವಾಗಿ ನಿದ್ದೆ ಮಾಡುವಾಗ, ತಂಪಾದ ಹೊತ್ತಿನಲ್ಲಿ, ಅದರ ಪಕ್ಕೆಲುಬಿನ ಮೇಲೆ ಕಣ್ಣಿಡಿ. ಎದೆ ಏರಿ ಇಳಿದರೆ ಒಂದು ಉಸಿರು. ಒಂದು ನಿಮಿಷ ಎಣಿಸಿ. ಮೂವತ್ತರ ಒಳಗಿದ್ದರೆ ಚಿಂತೆಯಿಲ್ಲ. ದಿನವೂ ಇಪ್ಪತ್ತು ಇದ್ದದ್ದು ಮೂವತ್ತು ದಾಟಿ, ಸ್ವಲ್ಪ ಹೊತ್ತು ಬಿಟ್ಟು ಎಣಿಸಿದರೂ ಇಳಿಯದಿದ್ದರೆ, ಶ್ವಾಸಕೋಶಕ್ಕೆ ನೀರು ಬರುತ್ತಿದೆ ಎಂದು ಅನುಮಾನಿಸಿ ಅಂದೇ ಡಾಕ್ಟರಿಗೆ ತಿಳಿಸಿ. ಓಡಿ ಬಂದು ನಾಲಗೆ ಚಾಚಿ ತೇಕುವ ಲೆಕ್ಕ ಇದಕ್ಕೆ ಸೇರದು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬರೆಯಲಿ. ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಆ ಅಂಕಿಗಳೇ ಹೆಚ್ಚು ಹೇಳುತ್ತವೆ.

ಕೆಮ್ಮೊಂದನ್ನೇ ನಂಬಬೇಡಿ. ಸಣ್ಣ ನಾಯಿಗಳಿಗೆ ಗಂಟಲ ಕೊಳವೆ ಸಡಿಲವಾಗಿಯೂ ಕೆಮ್ಮು ಬರುತ್ತದೆ. ಅದರಿಂದಲೇ ಎಕ್ಸ್‌ರೇ ಬೇಕೆನ್ನುವುದು. ಆದರೆ ಮಲಗಲಾರದೆ ಕೂತೇ ಇರುವುದು, ಮೊಣಕೈ ಅಗಲಿಸಿ ಕತ್ತು ಚಾಚಿ ಉಸಿರೆಳೆಯುವುದು, ನಾಲಗೆ ನೀಲಿಗಟ್ಟುವುದು, ಓಡುತ್ತಲೇ ಕುಸಿದು ಬೀಳುವುದು—ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಊಟದಲ್ಲಿ ಉಪ್ಪು ಕಡಿಮೆ ಇರಲಿ. ರಾಗಿಮುದ್ದೆಗೆ ನಮ್ಮ ಎಲೆಯ ಸಾರನ್ನೇ ಸುರಿಯುವುದು ಹಳ್ಳಿಯ ರೂಢಿ. ಈ ನಾಯಿಗೆ ಅದು ಬೇಡ. ಅದರಲ್ಲಿ ಉಪ್ಪೂ ಉಂಟು, ನಾಯಿಗೆ ವಿಷವಾದ ಈರುಳ್ಳಿಯೂ ಉಂಟು. ಹಪ್ಪಳ, ಉಪ್ಪಿನಕಾಯಿ, ಒಣಮೀನು ದೂರವಿಡಿ. ಆದರೆ ಉಪವಾಸ ಹಾಕಬೇಡಿ. ಈ ರೋಗದಲ್ಲಿ ಮೈಯ ಮಾಂಸ ಕರಗುತ್ತದೆ, ಉಪ್ಪಿಲ್ಲದೆ ಬೇಯಿಸಿದ ಮೊಟ್ಟೆ, ಕೋಳಿ ಒಳ್ಳೆಯದು. ಕುಡಿಯುವ ನೀರನ್ನು ಯಾವ ಕಾರಣಕ್ಕೂ ತಡೆಯಬೇಡಿ. ಕೊರಳಿಗೆ ಹಗ್ಗ ಬಿಗಿಯದೆ ಎದೆಪಟ್ಟಿ ಹಾಕಿ, ಬಿಸಿಲಲ್ಲಿ ಓಡಿಸಬೇಡಿ. ಮಂಡಿ ನೋವೆಂದು ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಕೊಡಲೇಬೇಡಿ; ಫ್ಯೂರೊಸೆಮೈಡ್ ಜೊತೆಗೆ ಅದು ಸೇರಿದರೆ ಮೂತ್ರಪಿಂಡ ಕೆಡುತ್ತದೆ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಮಾತ್ರೆ ತೀರುವುದಕ್ಕೆ ಒಂದು ವಾರ ಮೊದಲೇ ತಂದಿಡಿ, ಏಕೆಂದರೆ ಪ್ರತಿ ಅಂಗಡಿಯಲ್ಲೂ ಅವು ಸಿಕ್ಕುವುದಿಲ್ಲ. ನಾಯಿ ಊಟ ಬಿಟ್ಟು ವಾಂತಿ ಮಾಡತೊಡಗಿದರೆ ಎಂದಿನಂತೆ ಔಷಧ ತುರುಕದೆ ಡಾಕ್ಟರನ್ನು ಕೇಳಿ.

ಕೊನೆಗೆ ‘ಡಿ’ ಮೆಟ್ಟಿಲು ಬರಬಹುದು. ಆಗ ಫ್ಯೂರೊಸೆಮೈಡಿಗೆ ಬದಲಾಗಿ ಅದಕ್ಕಿಂತ ಬಲವಾದ ಟೊರಾಸೆಮೈಡ್ ಕೊಡುವುದುಂಟು, ಪ್ರಮಾಣಗಳನ್ನು ಏರಿಸುವುದುಂಟು. ಅದಕ್ಕೂ ಒಂದು ಮಿತಿ. ಔಷಧ ಸೋತು, ನಾಯಿ ಹಗಲೂ ರಾತ್ರಿ ಉಸಿರಿಗೆ ಹೋರಾಡುವಾಗ, ನೋವಿಲ್ಲದೆ ಅದನ್ನು ಕಳಿಸಿಕೊಡುವ ವಿಚಾರವನ್ನು ಡಾಕ್ಟರ ಜೊತೆ ಮಾತಾಡುವುದು ಪಾಪವಲ್ಲ. ಅದೂ ಒಂದು ಉಪಚಾರವೇ.

ಬಾಂಧವರೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ನಾಯಿಯನ್ನು ಕರೆದೊಯ್ಯುತ್ತೀರಲ್ಲ, ಅದು ಏಳು ವರ್ಷ ದಾಟಿದ್ದರೆ “ಗುಂಡಿಗೆಯನ್ನೂ ಒಂದಿಷ್ಟು ಕೇಳಿ ನೋಡಿ” ಎಂದು ಡಾಕ್ಟರಿಗೆ ಹೇಳಿ. ಅರ್ಧ ನಿಮಿಷದ ಕೆಲಸ. ಸದ್ದು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಔಷಧ ಶುರುವಾದ ಮೇಲೆ, ನಾಯಿ ಚೆನ್ನಾಗಿದೆ ಎಂದು ಕಂಡ ದಿನ, ಅದು ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದನ್ನು ನೆನೆದು, ಆವತ್ತಿನ ಮಾತ್ರೆಯನ್ನೂ ಕೊಡಿ.